ಅಕ್ಕಿ ತೂಗುವುದೋ, ಅನ್ನ ತೂಗುವುದೋ? ಕೊಡಗಿನ ಅಡುಗೆಗೆ ಕ್ಯಾಲೊರಿ ಲೆಕ್ಕ

ತಟ್ಟೆಯಲ್ಲಿ 200 ಗ್ರಾಂ ಅನ್ನವಿದೆ. ಮೊಬೈಲ್ ಆ್ಯಪ್‌ನಲ್ಲಿ ‘ಅಕ್ಕಿ, 200 ಗ್ರಾಂ’ ಎಂದು ಬರೆದರೆ ಅದು 710 ಕ್ಯಾಲೊರಿ ತೋರಿಸುತ್ತದೆ. ನಿಜವಾಗಿ ಹೊಟ್ಟೆಗೆ ಹೋಗುವುದು 260ರ ಆಸುಪಾಸು. ಒಂದೇ ಊಟಕ್ಕೆ 450 ಕ್ಯಾಲೊರಿ ತಪ್ಪು. ಕೋಳಿಯಲ್ಲಿ ತಪ್ಪು ತಿರುಗುಮುರುಗಾಗುತ್ತದೆ: ಚರ್ಮ ತೆಗೆದ ಎದೆಮಾಂಸ ಬೆಂದ ಮೇಲೆ 150 ಗ್ರಾಂ ತೂಗಿ, ಹಸಿ ಕೋಳಿಯ ಸಾಲಿನಲ್ಲಿ ಬರೆದರೆ 180 ಎಂದು ಬರುತ್ತದೆ, ತಿಂದದ್ದು 250ರಷ್ಟು. ಅಕ್ಕಿ ಬೇಯುವಾಗ ನೀರು ಕುಡಿದು ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ. ಮಾಂಸ ನೀರು ಬಿಟ್ಟು ನಾಲ್ಕನೇ ಒಂದು ಪಾಲಿನಷ್ಟು ಕುಗ್ಗುತ್ತದೆ. ನೀರಿಗೆ ಕ್ಯಾಲೊರಿ ಇಲ್ಲ. ಹಾಗಾಗಿ ತೂಕ ಏರಿದರೂ ಇಳಿದರೂ ಪಾತ್ರೆಯೊಳಗಿನ ಒಟ್ಟು ಕ್ಯಾಲೊರಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಗ್ರಾಂ ಒಂದಕ್ಕೆ ಎಷ್ಟು ಎಂಬುದು ಮಾತ್ರ ಬದಲಾಗುತ್ತದೆ.

ಹಸಿಯದನ್ನು ತೂಗಬೇಕೋ ಬೆಂದದ್ದನ್ನೋ ಎಂದರೆ, ಒಬ್ಬರೇ ಅಡುಗೆ ಮಾಡಿಕೊಂಡು ಪೂರ್ತಿ ತಿನ್ನುವವರಾದರೆ ಹಸಿ ತೂಕ ಸಾಕು, ಬೆಂದ ಮೇಲೆ ತಕ್ಕಡಿ ಮುಟ್ಟುವುದೇ ಬೇಡ. ನಾಲ್ಕೈದು ಜನ ಒಂದೇ ಪಾತ್ರೆಯಿಂದ ಬಡಿಸಿಕೊಳ್ಳುವ ಮನೆಯಲ್ಲಿ ಎರಡೂ ಬೇಕು. ಪಾತ್ರೆಯಲ್ಲಿ ಒಟ್ಟು ಎಷ್ಟು ಕ್ಯಾಲೊರಿ ಇದೆ ಎಂಬುದನ್ನು ಹಸಿ ತೂಕ ಹೇಳುತ್ತದೆ. ಅದರಲ್ಲಿ ನಿಮ್ಮ ಪಾಲೆಷ್ಟು ಎಂಬುದನ್ನು ಬೆಂದ ತೂಕ ಹೇಳುತ್ತದೆ. ಇವೆರಡರ ಕೆಲಸ ಬೆರೆಸದಿದ್ದರೆ ಗೊಂದಲವೇ ಇಲ್ಲ.

ನಿಮ್ಮ ಕೈಯಲ್ಲಿರುವ ಅಂಕಿ ಯಾವುದರದ್ದು?

ತೂಗುವ ಮೊದಲು ನೋಡಬೇಕಾದದ್ದು ಇದನ್ನು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ ಹೆಚ್ಚಿನವು ಹಸಿ ಪದಾರ್ಥದ ಅಂಕಿಗಳು. ಅಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ, ನೋಡಿ ಗಾಬರಿಯಾಗಬೇಡಿ, 4.184ರಿಂದ ಭಾಗಿಸಿದರೆ ನಾವು ದಿನಬಳಕೆಯಲ್ಲಿ ಹೇಳುವ ಕ್ಯಾಲೊರಿ ಸಿಗುತ್ತದೆ. ಬೆಳ್ತಿಗೆ ಅಕ್ಕಿಗೆ ಅಲ್ಲಿರುವುದು 1491, ಅಂದರೆ 100 ಗ್ರಾಂಗೆ 356. ಪ್ಯಾಕೆಟ್‌ನ ಹಿಂದೆ ಅಚ್ಚಾಗಿರುವ ಅಂಕಿಯೂ ಸಾಮಾನ್ಯವಾಗಿ ಪ್ಯಾಕೆಟ್ ಒಳಗಿರುವ ಒಣ ಪದಾರ್ಥದ್ದೇ: ಓಟ್ಸ್, ಶಾವಿಗೆ, ನೂಡಲ್ಸ್ ಎಲ್ಲಕ್ಕೂ ಹಾಗೆಯೇ.

ಆ್ಯಪ್‌ಗಳಲ್ಲಿ ಬಳಕೆದಾರರೇ ಸೇರಿಸಿದ ಸಾಲುಗಳು ಸಾವಿರಗಟ್ಟಲೆ ಇರುತ್ತವೆ; ಹಸಿಯೋ ಬೆಂದದ್ದೋ ಎಂದು ಹಲವದರಲ್ಲಿ ಬರೆದೇ ಇರುವುದಿಲ್ಲ. ಅಂಕಿಯನ್ನು ನೋಡಿಯೇ ಗುರುತು ಹಿಡಿಯಬಹುದು. 100 ಗ್ರಾಂ ಅಕ್ಕಿಗೆ 345ರಿಂದ 360 ಇದ್ದರೆ ಅದು ಹಸಿ, 120ರಿಂದ 140 ಇದ್ದರೆ ಅನ್ನ. ಚರ್ಮವಿಲ್ಲದ ಕೋಳಿ ಎದೆ 110–120 ಇದ್ದರೆ ಹಸಿ, 165 ಇದ್ದರೆ ಬೆಂದದ್ದು. ತೊಗರಿಬೇಳೆ 330ರ ಮೇಲಿದ್ದರೆ ಒಣ ಬೇಳೆ. ಬೆಂದ ಬೇಳೆಯ ಅಂಕಿಯನ್ನು ನಂಬಲೇಬೇಡಿ. ಒಬ್ಬರ ಮನೆಯ ಸಾರು ನೀರಾಗಿರುತ್ತದೆ, ಇನ್ನೊಬ್ಬರದು ಗಟ್ಟಿ. ಬೇಳೆಕಾಳನ್ನು ನೆನೆಹಾಕುವ ಮೊದಲೇ ತೂಗಿ.

ಬೆಂದ ಅನ್ನದ ಸಿದ್ಧ ಅಂಕಿ ಕೊಡಗಿನಲ್ಲಿ ಇನ್ನಷ್ಟು ಏರುಪೇರಾಗಲು ಒಂದು ಕಾರಣವಿದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 96 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಅಕ್ಕಿ ಬೇಯಲು ಹೊತ್ತು ಹೆಚ್ಚು ಹಿಡಿಯುತ್ತದೆ, ಆವಿ ಹೆಚ್ಚು ಹೋಗುತ್ತದೆ, ನೀರು ಮತ್ತೆ ಮತ್ತೆ ಸೇರಿಸಬೇಕಾಗುತ್ತದೆ. ಕರಾವಳಿಯ ಅಡುಗೆಮನೆಯಲ್ಲಿ ಯಾರೋ ತೂಗಿ ಬರೆದ ‘ಒಂದಕ್ಕೆ ಮೂರು’ ಎಂಬ ಲೆಕ್ಕ ನಿಮ್ಮ ಪಾತ್ರೆಗೆ ಹೊಂದಬೇಕೆಂದೇನಿಲ್ಲ. ನಿಮ್ಮ ಅಕ್ಕಿ, ನಿಮ್ಮ ಪಾತ್ರೆ, ನಿಮ್ಮ ಒಲೆಯಲ್ಲಿ ಒಮ್ಮೆ ತೂಗಿ ನೋಡಿದ ಅಂಕಿಯೇ ನಿಮಗೆ ಸರಿ.

ತಕ್ಕಡಿ

ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ಅಡುಗೆ ತಕ್ಕಡಿ ಸಾಕು. ಆದರೆ 5 ಕೆಜಿ ಮಿತಿ ಎಂದರೆ ಪಾತ್ರೆಯೂ ಸೇರಿ 5 ಕೆಜಿ. ತುಂಬಿದ ಕುಕ್ಕರ್ ಇಟ್ಟಾಗ ಪರದೆಯಲ್ಲಿ ಅಂಕಿ ಹೋಗಿ ಅಡ್ಡಗೆರೆಯೋ ಅಕ್ಷರವೋ ಬಂದರೆ ಭಾರ ಮಿತಿ ಮೀರಿದೆ ಎಂದರ್ಥ. ದೊಡ್ಡ ಕುಟುಂಬಕ್ಕೆ 10 ಕೆಜಿಯದ್ದೇ ಒಳ್ಳೆಯದು.

ಬಿಸಿ ಪಾತ್ರೆಯನ್ನು ನೇರವಾಗಿ ಇಡಬೇಡಿ. ಮೊದಲು ಒಂದು ಮರದ ಮಣೆ ಇಟ್ಟು ಸೊನ್ನೆ ಮಾಡಿಕೊಳ್ಳಿ, ಅದರ ಮೇಲೆ ಪಾತ್ರೆ. ಅಗಲ ಪಾತ್ರೆ ಪರದೆಯನ್ನು ಮುಚ್ಚಿಬಿಟ್ಟರೆ ಮಣೆಯ ಬದಲು ಒಂದು ಗಟ್ಟಿ ಬಟ್ಟಲನ್ನು ಬೋರಲು ಹಾಕಿ ಎತ್ತರ ಮಾಡಿಕೊಳ್ಳಿ. ಎರಡು ಮೂರು ನಿಮಿಷ ಸುಮ್ಮನಿದ್ದರೆ ತಕ್ಕಡಿ ತಾನೇ ಆರಿಹೋಗುತ್ತದೆ, ಸೊನ್ನೆ ಮಾಡಿದ್ದೂ ಹೋಗುತ್ತದೆ. ಅದಕ್ಕೇ ಖಾಲಿ ಪಾತ್ರೆಯ ತೂಕವನ್ನು ತಕ್ಕಡಿಯ ನೆನಪಿಗೆ ಬಿಡದೆ, ಮನೆಯ ನಾಲ್ಕೈದು ಮುಖ್ಯ ಪಾತ್ರೆಗಳನ್ನು ಒಮ್ಮೆ ತೂಗಿ ಕಪಾಟಿನ ಬಾಗಿಲ ಒಳಗೆ ಬರೆದಂಟಿಸಿ. ಕುಕ್ಕರಿನ ತೂಕವನ್ನು ಮುಚ್ಚಳ, ವಿಷಲ್ ಇಲ್ಲದೆ ಬರೆದಿಡಿ.

ಹನಿಹನಿಯಾಗಿ ಎಣ್ಣೆ ಸುರಿದರೆ ಹಲವು ತಕ್ಕಡಿಗಳು ಅದನ್ನು ಗುರುತಿಸುವುದೇ ಇಲ್ಲ. ಸಣ್ಣ ಬದಲಾವಣೆಯನ್ನು ಅಲುಗಾಟವೆಂದು ಎಣಿಸಿ ಸೊನ್ನೆಯಲ್ಲೇ ನಿಲ್ಲುತ್ತವೆ. ಎಣ್ಣೆ, ತುಪ್ಪ, ಜೇನಿಗೆ ಉಪಾಯ ಬೇರೆ: ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಎತ್ತಿ ಸುರಿದು, ಮರಳಿ ಇಡಿ. ಮೈನಸ್ ಎಂದು ತೋರಿಸುವ ಅಂಕಿಯೇ ನೀವು ಹಾಕಿದ್ದು. ಚಮಚಕ್ಕೆ ಅಂಟಿಕೊಂಡದ್ದರ ಚಿಂತೆಯೂ ಇಲ್ಲ.

ತಕ್ಕಡಿ ಸರಿಯಿದೆಯೇ ಎಂದು ಅನುಮಾನ ಬಂದರೆ, ಪರಿಚಯದ ಅಂಗಡಿಗೆ ಒಯ್ದು ಸರ್ಕಾರಿ ಮುದ್ರೆ ಹೊಡೆದ ಅರ್ಧ ಕಿಲೋ ತೂಕದ ಕಲ್ಲನ್ನು ಇಟ್ಟು ನೋಡಿ. ಎರಡು ಮೂರು ಗ್ರಾಂ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮಳೆಗಾಲದಲ್ಲಿ ಬ್ಯಾಟರಿ ಕೂರುವ ಜಾಗದ ಲೋಹಕ್ಕೆ ಹಸಿರು ಕಿಲುಬು ಹಿಡಿದು ಅಂಕಿ ಓಲಾಡುತ್ತದೆ. ಒರೆಸಿ, ಮುಚ್ಚಳವಿರುವ ಡಬ್ಬದಲ್ಲಿಡಿ.

ಒಂದು ಪಾತ್ರೆ, ಹಲವು ತಟ್ಟೆ

ಯಾವ ಅಡುಗೆಗಾದರೂ ಕ್ರಮ ಒಂದೇ:

1. ಒಲೆಗೆ ಹೋಗುವ ಮೊದಲು ಒಂದೊಂದನ್ನೂ ತೂಗಿ ಬರೆಯಿರಿ. ಉಪ್ಪು, ನೀರು, ಅರಿಸಿನ ಬಿಡಿ.
2. ಒಂದೊಂದರ ಕ್ಯಾಲೊರಿ ತೆಗೆದು ಕೂಡಿಸಿ. ಇದು ಪಾತ್ರೆಯ ಒಟ್ಟು.
3. ಬೆಂದ ಮೇಲೆ ಪಾತ್ರೆಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. ಸೌಟು ಒಳಗಿದ್ದರೆ ತೆಗೆಯಿರಿ.
4. ಒಟ್ಟು ಕ್ಯಾಲೊರಿಯನ್ನು ಬೆಂದ ತೂಕದಿಂದ ಭಾಗಿಸಿದರೆ ಗ್ರಾಂ ಒಂದಕ್ಕೆ ಎಷ್ಟೆಂದು ಸಿಗುತ್ತದೆ.
5. ನಿಮ್ಮ ತಟ್ಟೆಗೆ ಬಡಿಸಿಕೊಂಡದ್ದನ್ನು ತೂಗಿ ಗುಣಿಸಿ.

ಮೂರನೆಯದನ್ನು ಯಾರಾದರೂ ಬಡಿಸಿಕೊಳ್ಳುವ ಮೊದಲೇ ಮಾಡಬೇಕು. ಇಡೀ ಲೆಕ್ಕ ಹೆಚ್ಚಾಗಿ ಕೆಡುವುದೇ ಇಲ್ಲಿ. ಮಕ್ಕಳು ಒಂದು ಸೌಟು ಹಾಕಿಕೊಂಡು ಹೋದ ಮೇಲೆ ತೂಗಿದರೆ ಗ್ರಾಂ ಒಂದರ ಕ್ಯಾಲೊರಿ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಅಡುಗೆ ಮಾಡುವವರು ಅಮ್ಮನೋ ಅತ್ತೆಯೋ ಆಗಿದ್ದು, ಕೈಅಳತೆಯಲ್ಲೇ ಎಲ್ಲವನ್ನೂ ಹಾಕುವವರಾದರೆ ಅವರ ಕೈಗೆ ತಕ್ಕಡಿ ಕೊಡಲು ಹೋಗಬೇಡಿ. ಎಣ್ಣೆ ಬಾಟಲಿ, ತುಪ್ಪದ ಡಬ್ಬಿ, ತೆಂಗಿನತುರಿಯ ಬಟ್ಟಲು, ಅಕ್ಕಿ ಡಬ್ಬ — ಈ ನಾಲ್ಕನ್ನು ಅಡುಗೆಗೆ ಮೊದಲೊಮ್ಮೆ, ಆಮೇಲೊಮ್ಮೆ ತೂಗಿದರೆ ಸಾಕು. ಅಡುಗೆಗೆ ಅಡ್ಡಿಯಿಲ್ಲ, ಕ್ಯಾಲೊರಿಯ ದೊಡ್ಡ ಪಾಲು ಲೆಕ್ಕಕ್ಕೆ ಸಿಕ್ಕಿತು.

ಅನ್ನದಿಂದ ಒಟ್ಟಿಯವರೆಗೆ

ಅಕ್ಕಿಯನ್ನು ತೊಳೆಯುವ ಮೊದಲು ತೂಗಿ. ತೊಳೆದ ಅಕ್ಕಿಯಲ್ಲಿ ನೀರು ನಿಂತಿರುತ್ತದೆ. 250 ಗ್ರಾಂ ಅಕ್ಕಿ ಎಂದರೆ 890 ಕ್ಯಾಲೊರಿ. ಕುಕ್ಕರಿನಲ್ಲಿ ಬೆಂದು 700 ಗ್ರಾಂ ಆಯಿತೆನ್ನಿ, ಗ್ರಾಂಗೆ 1.27. ಗಂಜಿ ಬಸಿಯುವ ಮನೆಯಾದರೆ ಸ್ವಲ್ಪ ಪಿಷ್ಟ ಗಂಜಿಯೊಂದಿಗೆ ಹೋಗುತ್ತದೆ, ಹಸಿ ಅಕ್ಕಿಯ ಲೆಕ್ಕ ತುಸು ಹೆಚ್ಚೇ ತೋರಿಸುತ್ತದೆ. ಆ ಗಂಜಿಯನ್ನು ಉಪ್ಪು ಹಾಕಿ ಕುಡಿಯುವವರಿಗೆ ಹೋದದ್ದು ಮರಳಿ ಬಂದಂತೆಯೇ.

ಕಡಂಬುಟ್ಟಿಗೆ ಉಂಡೆಗಳನ್ನು ಹಬೆಯಿಂದ ಇಳಿಸಿದ ಮೇಲೆ ತೂಗಬೇಕು, ಅದೂ ಮೇಲಿನ ಪಸೆ ಆರಲು ಹತ್ತು ನಿಮಿಷ ಬಿಟ್ಟು. 500 ಗ್ರಾಂ ಅಕ್ಕಿತರಿಗೆ 1,780, ತುಪ್ಪ 10 ಗ್ರಾಂಗೆ 90, ತೆಂಗಿನತುರಿ ಹಾಕುವವರಾದರೆ 50 ಗ್ರಾಂಗೆ 200, ಒಟ್ಟು 2,070. ತರಿ ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟು ತೆಗೆದಾಗ ಎಲ್ಲ ಸೇರಿ 1,600 ಗ್ರಾಂ ಬಂದರೆ ಗ್ರಾಂಗೆ 1.29. ಅರವತ್ತು ಗ್ರಾಂನ ಒಂದು ಉಂಡೆ 78 ಕ್ಯಾಲೊರಿ. ಒಬ್ಬೊಬ್ಬರ ಕೈಯ ಉಂಡೆ ಒಂದೊಂದು ಗಾತ್ರ, 40ರಿಂದ 80 ಗ್ರಾಂವರೆಗೂ ಹೋಗಬಹುದು. ‘ಐದು ಕಡಂಬುಟ್ಟು’ ಎಂದು ಎಣಿಸಿ ಬರೆಯುವುದಕ್ಕಿಂತ ಐದನ್ನೂ ಒಟ್ಟಿಗೆ ತೂಗುವುದು ಮೇಲು. ಹಬೆಯಲ್ಲೇ ಬೇಯುವ ಅಕ್ಕಿತರಿಯ ಪಾಪುಟ್ಟಿಗೂ ಇದೇ ದಾರಿ, ಹಾಲು ಮತ್ತು ತೆಂಗಿನತುರಿ ಸೇರಿಸಲು ಮರೆಯಬೇಡಿ. ಶಾವಿಗೆಯಂಥ ನೂಪುಟ್ಟು ಒತ್ತಿದ ಮೇಲೆ ಬೇಗ ಒಣಗುತ್ತದೆ, ಬಿಸಿಯಿದ್ದಾಗಲೇ ತೂಗಿ.

ಅಕ್ಕಿ ಒಟ್ಟಿ, ಅಂದರೆ ಕೊಡಗಿನ ಅಕ್ಕಿ ರೊಟ್ಟಿ, ಮಾತ್ರ ಸ್ವಲ್ಪ ಹೆಚ್ಚು ಗಮನ ಕೇಳುತ್ತದೆ, ಏಕೆಂದರೆ ಅದರಲ್ಲಿ ಬೆಂದ ಅನ್ನವೂ ಇದೆ, ಹಸಿ ಹಿಟ್ಟೂ ಇದೆ. ಮೇಲಿನ ಅನ್ನದಲ್ಲೇ 300 ಗ್ರಾಂ ತೆಗೆದುಕೊಂಡರೆ 380, ಅಕ್ಕಿಹಿಟ್ಟು 200 ಗ್ರಾಂಗೆ 710, ಒಟ್ಟು 1,090. ಕಲಸಿದ ಹಿಟ್ಟು 500 ಗ್ರಾಂ. ಇದನ್ನು ಐವತ್ತು ಗ್ರಾಂನ ಹತ್ತು ಉಂಡೆ ಮಾಡಿದರೆ ಒಂದಕ್ಕೆ 109. ಕಾವಲಿ, ಆಮೇಲೆ ಕೆಂಡ ಕಂಡು ಬಂದ ಒಟ್ಟಿ 40 ಗ್ರಾಂ ಇರಬಹುದು, ನೀರು ಹೋಗಿದೆ ಅಷ್ಟೆ. ಅದು ಈಗಲೂ 109 ಕ್ಯಾಲೊರಿಯ ಒಟ್ಟಿಯೇ. ಸುಟ್ಟ ಒಟ್ಟಿಯನ್ನು ತೂಗಿ ಹಿಟ್ಟಿನ ಲೆಕ್ಕದಲ್ಲಿ ಗುಣಿಸಿದರೆ 87 ಎಂದು ಬರುತ್ತದೆ, ನಾಲ್ಕು ಒಟ್ಟಿಗೆ ತೊಂಬತ್ತರಷ್ಟು ಮಾಯ. ಒಟ್ಟಿಯನ್ನು ಹಿಟ್ಟಿನ ಉಂಡೆಯಲ್ಲೇ ಸಮನಾಗಿ ತೂಗಿ, ಸುಟ್ಟ ಮೇಲೆ ಎಣಿಸಿ. ಕಡಂಬುಟ್ಟಿಗೆ ಹೇಳಿದ್ದಕ್ಕೆ ಇದು ಉಲ್ಟಾ ಎನಿಸಬಹುದು, ಆದರೆ ಸಮ ಉಂಡೆ ಮಾಡಿಕೊಂಡರೆ ಎಣಿಕೆಯೇ ತೂಕ. ಮೇಲೆ ಸವರಿದ ತುಪ್ಪ ಬೇರೆ: ಗ್ರಾಂಗೆ 9.

ಪಂದಿ ಕರಿ

ಇಲ್ಲಿ ತಕ್ಕಡಿಗಿಂತ ಚಾಕು ಮುಖ್ಯ. ಕೊಬ್ಬಿಲ್ಲದ ಹಸಿ ಹಂದಿಮಾಂಸ 100 ಗ್ರಾಂಗೆ 140ರಷ್ಟು. ಹೊಟ್ಟೆಭಾಗದ ಪದರಪದರದ ಮಾಂಸ 500 ದಾಟುತ್ತದೆ. ಬರೀ ಬಿಳಿ ಕೊಬ್ಬು 800ರ ಮೇಲೆ. ಆ್ಯಪ್‌ನಲ್ಲಿ ‘ಪೋರ್ಕ್’ ಎಂದು ಹುಡುಕಿದಾಗ ಮೊದಲು ಸಿಕ್ಕ ಸಾಲನ್ನು ಒತ್ತಿದರೆ ಒಂದು ಗ್ರಾಂವರೆಗೆ ತೂಗಿದ್ದೆಲ್ಲ ವ್ಯರ್ಥ.

ಅಂಗಡಿಯಿಂದ ತಂದ ಮಾಂಸದಲ್ಲಿ ಕಣ್ಣಿಗೆ ಸರಾಸರಿಯಾಗಿ ಕಾಣುವ 200 ಗ್ರಾಂ ತುಂಡುಗಳನ್ನು ಬೇರೆ ತೆಗೆಯಿರಿ. ಚರ್ಮ ಮತ್ತು ಬಿಳಿ ಕೊಬ್ಬನ್ನು ಕೆಂಪು ಮಾಂಸದಿಂದ ಬಿಡಿಸಿ ತೂಗಿ, ಆಮೇಲೆ ಎಲ್ಲವನ್ನೂ ಪಾತ್ರೆಗೇ ಹಾಕಿ. 60 ಗ್ರಾಂ ಬಿಳಿ ಬಂದರೆ ನೂರಕ್ಕೆ ಮೂವತ್ತು ಪಾಲು. ಚರ್ಮದಲ್ಲಿ ಕೊಬ್ಬಿನಷ್ಟು ಕ್ಯಾಲೊರಿ ಇಲ್ಲ, ಹಾಗಾಗಿ ಈ ಲೆಕ್ಕ ತುಸು ಮೇಲಕ್ಕೆ ವಾಲುತ್ತದೆ, ವಾಲಲಿ.

ಒಂದು ಕೆಜಿ ಮಾಂಸಕ್ಕೆ: ಕೊಬ್ಬು 300 ಗ್ರಾಂ × 8.1 = 2,430; ಮಾಂಸ 700 ಗ್ರಾಂ × 1.43 = 1,000. ಈರುಳ್ಳಿ ಕಾಲು ಕೆಜಿ 100, ಹುರಿದು ಪುಡಿ ಮಾಡಿದ ಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ ಎಲ್ಲ ಸೇರಿ 40 ಗ್ರಾಂಗೆ 120, ಶುಂಠಿ ಬೆಳ್ಳುಳ್ಳಿ 60. ಹುಳಿಗೆ ಹಾಕುವ ಎರಡು ಚಮಚ ಕಾಚಂಪುಳಿಯನ್ನು ಬಿಟ್ಟುಬಿಡಿ. ಎಣ್ಣೆ ಹಾಕದೆ ಅದರ ಕೊಬ್ಬಿನಲ್ಲೇ ಬೇಯಿಸಿದರೆ ಒಟ್ಟು 3,710. ಬೆಂದ ಕರಿ 1,250 ಗ್ರಾಂ ಬಂದರೆ ಗ್ರಾಂಗೆ 2.97, ಒಂದೂವರೆ ನೂರು ಗ್ರಾಂ ಬಡಿಸಿಕೊಂಡರೆ 445. ಇದನ್ನೇ ‘ಕೊಬ್ಬಿಲ್ಲದ ಮಾಂಸ’ ಎಂದು ಬರೆದಿದ್ದರೆ 205 ಬರುತ್ತಿತ್ತು.

ಮಾಂಸದ ಕೊಬ್ಬು ಕರಗಿ ಗಸಿಯ ಮೇಲೆ ನಿಲ್ಲುತ್ತದೆ. ಬೆಂದ ತುಂಡನ್ನಷ್ಟೇ ತೂಗಿ ‘ಬೆಂದ ಹಂದಿಮಾಂಸ’ ಎಂಬ ಸಿದ್ಧ ಅಂಕಿ ಹಾಕಿದರೆ ಆ ಕೊಬ್ಬು ಲೆಕ್ಕದಿಂದ ಹೊರಗೇ ಉಳಿಯುತ್ತದೆ, ಕಡಂಬುಟ್ಟು ಅದನ್ನು ಹೀರಿಕೊಂಡು ನಿಮ್ಮ ಹೊಟ್ಟೆಗೇ ತರುತ್ತದೆ. ಬಡಿಸುವ ಮೊದಲು ಪಾತ್ರೆಯನ್ನು ತಳದಿಂದ ಕಲಕಿ. ಕಲಕದೆ ಮೇಲಿನಿಂದ ತೆಗೆದವರಿಗೆ ಎಣ್ಣೆಯ ಪಾಲು, ಕೊನೆಗೆ ಕುಳಿತವರಿಗೆ ಮಸಾಲೆಯ ಪಾಲು.

ಕೊಬ್ಬು ಕಡಿಮೆ ಮಾಡುವ ಇಚ್ಛೆಯಿದ್ದರೆ ಹಿಂದಿನ ದಿನ ಮಾಡಿ, ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಬಿಳಿ ಪದರ ಗಟ್ಟಿಯಾಗಿರುತ್ತದೆ. ಅದನ್ನು ತೆಗೆದು ತೂಗಿ: 120 ಗ್ರಾಂ ಬಂದರೆ 1,080 ಕ್ಯಾಲೊರಿ ಹೊರಗೆ. ಉಳಿದದ್ದು 2,630, ತೂಕ 1,130, ಗ್ರಾಂಗೆ 2.33; ಅದೇ ಒಂದೂವರೆ ನೂರು ಗ್ರಾಂಗೆ ಈಗ 350. ತೆಗೆದ ಕೊಬ್ಬಿನಲ್ಲೇ ಮರುದಿನ ಪಲ್ಯ ಒಗ್ಗರಿಸಿದರೆ ಅಲ್ಲಿ ಬರೆಯಿರಿ.

ಎಲುಬಿನ ವಿಷಯ. ಕ್ಯಾಲೊರಿ ಕೋಷ್ಟಕದ ಅಂಕಿಗಳು ತಿನ್ನುವ ಭಾಗದ್ದು. ಎಲುಬು ಸಮೇತ ಕೋಳಿ ತಂದಾಗ ಒಮ್ಮೆ ಊಟವಾದ ಮೇಲೆ ಮನೆಯವರೆಲ್ಲರ ತಟ್ಟೆಯ ಎಲುಬನ್ನೂ ಒಟ್ಟುಮಾಡಿ, ತೊಳೆದು, ನೀರು ಬಸಿದು ತೂಗಿ. ಹಸಿ ತೂಕದಲ್ಲಿ ನೂರಕ್ಕೆ ಎಷ್ಟು ಎಂದು ತಿಳಿದರೆ ಅದೇ ಅಂಗಡಿಯ ಕೋಳಿಗೆ ಮುಂದೆಯೂ ಅದನ್ನೇ ಕಳೆಯಬಹುದು. ಬೆಂದ ಪಾತ್ರೆಯ ತೂಕದಲ್ಲಿ ಎಲುಬು ಸೇರಿದ್ದರೆ ತಟ್ಟೆಯ ತೂಕದಲ್ಲೂ ಸೇರಿರಲಿ. ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಕಳೆಯುವುದೇ ಇಲ್ಲಿನ ಮಾಮೂಲಿ ತಪ್ಪು.

ತೂಗದೆಯೂ ನಡೆಯುವುದು, ತೂಗದಿದ್ದರೆ ನಡೆಯದ್ದು

ಮಳೆಗಾಲದ ಅಣಬೆ, ಕಳಲೆ, ಕೆಸುವಿನ ಎಲೆ, ಸೊಪ್ಪು ಇವುಗಳಲ್ಲಿ ಕ್ಯಾಲೊರಿ ಅಷ್ಟಿಲ್ಲ. ಹಸಿ ಅಣಬೆ 100 ಗ್ರಾಂಗೆ ಇಪ್ಪತ್ತೈದರೊಳಗೆ. ಬೆಂದು ಅರ್ಧವಾದರೂ ಕಾಳಜಿ ಬೇಡ. ಬೈಂಬಳೆ ಕರಿಗೆ ಕಳಲೆಯನ್ನು ದಿನಗಟ್ಟಲೆ ನೀರಿನಲ್ಲಿ ನೆನೆಸಿ ನೀರು ಬದಲಿಸಿರುತ್ತೀರಿ, ಅದರ ತೂಕವೆಂದರೆ ಬಹುಪಾಲು ನೀರೇ. ಆದರೆ ಅದಕ್ಕೆ ರುಬ್ಬಿ ಹಾಕುವ ತೆಂಗಿನಕಾಯಿ 100 ಗ್ರಾಂಗೆ 350ರಿಂದ 400, ಒಗ್ಗರಣೆಯ ಎಣ್ಣೆ ಗ್ರಾಂಗೆ 9. ಆ ಕರಿಯಲ್ಲಿ ತೂಗಬೇಕಾದದ್ದು ಅವೆರಡನ್ನೇ. ಹಲಸಿನ ತೊಳೆಯನ್ನು ಬೀಜ ಬಿಡಿಸಿ ತೂಗಿ. ಬೆಲ್ಲದ ಕಾಫಿಯಲ್ಲಿ ಕಾಫಿಗೆ ಲೆಕ್ಕವಿಲ್ಲ, ಬೆಲ್ಲಕ್ಕಿದೆ: 15 ಗ್ರಾಂನ ತುಂಡಿಗೆ 55ರ ಸುತ್ತಮುತ್ತ, ದಿನಕ್ಕೆ ನಾಲ್ಕು ಲೋಟ ಕುಡಿಯುವವರಿಗೆ ಅದು ಎರಡು ಒಟ್ಟಿಗೆ ಸಮ.

ಮೀನೋ ಹಂದಿಮಾಂಸವೋ ಎಣ್ಣೆಯಲ್ಲಿ ಕರಿಯುವಾಗ ಬಾಣಲೆಯನ್ನು ಎಣ್ಣೆಸಮೇತ ಮೊದಲು ತೂಗಿ, ಕರಿದಾದ ಮೇಲೆ ಪೂರ್ತಿ ಆರಲು ಬಿಟ್ಟು ಮತ್ತೆ ತೂಗಿ. ಬಿಸಿ ಎಣ್ಣೆಯ ಬಾಣಲೆಯನ್ನು ಎತ್ತಿ ತಕ್ಕಡಿಗೆ ತರುವ ಸಾಹಸ ಬೇಡ. 640 ಇದ್ದದ್ದು 612 ಆದರೆ 28 ಗ್ರಾಂ ಎಣ್ಣೆ ಹೋಯಿತು, ಅಂದರೆ 250 ಕ್ಯಾಲೊರಿ. ಸಿಡಿದು ಒಲೆಯ ಸುತ್ತ ಬಿದ್ದದ್ದೂ ಅದರಲ್ಲಿದೆ, ಅಷ್ಟು ಹೆಚ್ಚು ಬರೆದರೆ ನಷ್ಟವಿಲ್ಲ. ಎಣ್ಣೆಯಲ್ಲಿ ಉಳಿದ ಮಸಾಲೆಚೂರನ್ನು ಸೋಸಿ ತೂಗಿ. ಹಂದಿಮಾಂಸ ಕರಿದಾಗ ಈ ಲೆಕ್ಕ ಕೈಕೊಡಬಹುದು, ಏಕೆಂದರೆ ಅದರ ಕೊಬ್ಬೇ ಕರಗಿ ಬಾಣಲೆಗೆ ಸೇರುತ್ತದೆ. ಆಗ ಬಾಣಲೆಯ ತೂಕ ಏರಿದರೂ ಆಶ್ಚರ್ಯವಿಲ್ಲ. ಏರಿದಷ್ಟನ್ನು ಮಾಂಸದ ಒಟ್ಟಿನಿಂದ ಗ್ರಾಂಗೆ 9ರಂತೆ ಕಳೆಯಿರಿ.

ಕೈಲ್‌ಪೊಳ್ದ್ ಹಬ್ಬದಂದೋ ಮದುವೆಮನೆಯಲ್ಲೋ ತಕ್ಕಡಿ ತೆಗೆಯಲಾಗದು. ಮನೆಯಲ್ಲಿ ತೂಗಿ ನೋಡಿದ ಕಡಂಬುಟ್ಟಿನ ಗಾತ್ರ ಕಣ್ಣಿಗೆ ರೂಢಿಯಾಗಿದ್ದರೆ ಎಣಿಸಿ ಬರೆಯಬಹುದು. ಕರಿಗೆ ಕೊಬ್ಬು ತೆಗೆಯದ ಲೆಕ್ಕವನ್ನೇ, ಗ್ರಾಂಗೆ 3ರಂತೆ ಹಿಡಿಯಿರಿ. ಒಂದು ಸೌಟು ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ಮನೆಯ ಸೌಟಿನಲ್ಲಿ ಅಳೆದಿಟ್ಟುಕೊಂಡಿರಿ.

ಉಳಿದ ಅಡುಗೆಯ ತೂಕ ರಾತ್ರಿ ಕಳೆದರೆ ಬದಲಾಗುತ್ತದೆ. ಅನ್ನ ಒಣಗುತ್ತದೆ, ಕರಿಯನ್ನು ಬಿಸಿ ಮಾಡುವಾಗ ನೀರು ಸೇರುತ್ತದೆ. ನಿನ್ನೆಯ ‘ಗ್ರಾಂಗೆ 1.27’ ಇಂದು ಸರಿಹೊಂದುವುದಿಲ್ಲ. ಅಡುಗೆಯಾದ ಕೂಡಲೇ, ಬೆಂದ ತೂಕ ತೆಗೆದ ಹೊತ್ತಿನಲ್ಲೇ, ನಾಳೆಯ ಪಾಲನ್ನು ಡಬ್ಬಕ್ಕೆ ತುಂಬಿ, ಮುಚ್ಚಳದ ಮೇಲೆ ಅಂಟುಪಟ್ಟಿಯಲ್ಲಿ ಕ್ಯಾಲೊರಿ ಬರೆದುಬಿಡಿ. ಮರುದಿನ ಎಷ್ಟು ನೀರು ಸೇರಿಸಿದರೂ, ಎಷ್ಟು ಕುದಿಸಿದರೂ ಡಬ್ಬ ಪೂರ್ತಿ ತಿಂದರೆ ಆ ಅಂಕಿಯೇ. ಮರೆತು ಪಾತ್ರೆಯಲ್ಲೇ ಉಳಿದಿದ್ದರೆ, ಉಳಿದದ್ದರ ಒಟ್ಟು ಕ್ಯಾಲೊರಿಯನ್ನು (ಪೂರ್ತಿ ಒಟ್ಟಿನಿಂದ ಬಡಿಸಿದ್ದನ್ನು ಕಳೆದದ್ದು) ಬಿಸಿ ಮಾಡಿದ ಮೇಲಿನ ಹೊಸ ತೂಕದಿಂದ ಭಾಗಿಸಿಕೊಳ್ಳಿ.